ಕಣ್ಣಿಲ್ಲದ ಗಡ್ಡೆ

ನಮ್ಮ ಬಡಾವಣೆಯ ಕೈತೋಟದ ಬಳಗದವರು ಕಳೆದ ವಾರ ವ್ಯಾನ್ ಮಾಡಿಕೊಂಡು ಆಗುಂಬೆಗೆ ಹೋಗಿ ಬಂದೆವು. ಹೋಗಿ ಬಂದದ್ದೇನೋ ಸರಿ. ಈಗ ಅಧ್ಯಕ್ಷರು ಬೆನ್ನು ಬಿದ್ದಿದ್ದಾರೆ. "ಸಾರ್, ಪ್ರಕೃತಿಯಿಂದ ನೀವು ಪಡೆದ ಪ್ರೇರಣೆ ಏನು? ಹತ್ತು ಸಾಲು ಬರೆದುಕೊಡಿ."

ನಾನು ಪಡೆದದ್ದು ಎರಡು ಉಂಬಳದ ಕಡಿತ. ಮತ್ತೆ, ಚಹಾದಂಗಡಿಯವರನ್ನು ಕೇಳಿ ಒದ್ದೆ ಪೇಪರಿನಲ್ಲಿ ಸುತ್ತಿಸಿಕೊಂಡು ಬಂದ ಒಂದು ಡೇರೆ ಗಡ್ಡೆ, ಅಂದರೆ ಡೇಲಿಯಾ ಹೂವಿನದು.

ಉಳಿದವರಿಗೆ ಪ್ರೇರಣೆ ಸ್ವಲ್ಪ ಜಾಸ್ತಿಯೇ ಆಗಿದೆ. ಒಬ್ಬರಂತೂ ಬಂಡೆ ಮೇಲಿನ ಪಾಚಿ ನೋಡಿ, ತಾರಸಿಯಲ್ಲಿ ಅದನ್ನೇ ಬೆಳೆಸುತ್ತೇನೆಂದು ಹೊರಟಿದ್ದಾರೆ. ಆಗುಂಬೆಗೆ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಬೆಂಗಳೂರಿಗೆ ಸುಮಾರು 1000. ಬಾಕಿ 6000 ಪೈಪಿನಲ್ಲಿ ಹಾಯಿಸಲಿ, ನನಗೇನು? ಟ್ಯಾಂಕರಿನ ದುಡ್ಡು ಬಳಗದ ಲೆಕ್ಕಕ್ಕೆ ಬರದಿದ್ದರೆ ಸಾಕು.

ನಮ್ಮ ಸೋದರತ್ತೆಯ ಬಾಯಲ್ಲಿ ಪ್ರೇರಣೆ ಅನ್ನುವ ಮಾತು ನಾನು ಕೇಳಿಲ್ಲ. ಆದರೆ ಯಾರ ಮನೆಗೆ ಹೋದರೂ ಬರಿಗೈಯಲ್ಲಿ ಬಂದವರಲ್ಲ. ಒಮ್ಮೆ ಸಾಗರದಿಂದ ಕೊಪ್ಪದ ಹತ್ತಿರ ಒಂದು ವೈಕುಂಠ ಸಮಾರಾಧನೆಗೆ ಹೋಗಿದ್ದರು. ಜೊತೆಗೆ ನಾನು, ಎಂಟನೇ ಕ್ಲಾಸಿನವನು. ಎಲ್ಲರೂ ತೀರಿಕೊಂಡವರ ಗುಣಗಾನ ಮಾಡುತ್ತಿದ್ದರೆ ಅತ್ತೆಯ ಕಣ್ಣು ಕಿಟಕಿಯಾಚೆ. ಅಂಗಳದಲ್ಲಿ ತಟ್ಟೆಯಗಲದ ಡೇರೆ. ಕಡುಗೆಂಪು, ಎಸಳಿನ ತುದಿ ಮಾತ್ರ ಬಿಳಿ. ಊಟದೆಲೆ ತೆಗೆಯುವ ಮೊದಲೇ ಕೇಳಿಬಿಟ್ಟರು.

"ಅದಕ್ಕೆಂತ ಮಾರಾಯ್ರೇ, ಕೊಡುವ. ಬೇಸಿಗೆಯಲ್ಲಿ ಗಡ್ಡೆ ಕೀಳುವಾಗ ಬನ್ನಿ" ಎಂದರು ಮನೆಯಾಕೆ.

ಇಂಥ ಮಾತು ನಂಬಿ ಯಾರಾದರೂ ಹೋಗುತ್ತಾರಾ? ಅತ್ತೆ ಹೋದರು. ಏಪ್ರಿಲ್ ಬಿಸಿಲಿನಲ್ಲಿ, ಮೂರು ಬಸ್ಸು ಬದಲಿಸಿ, ಒಂದು ಗಡ್ಡೆಗಾಗಿ. ಗೆಣಸಿನಂಥ ಗಡ್ಡೆಯನ್ನು ಮರಳಿನಲ್ಲಿಟ್ಟು ಕಾದು, ಮೊದಲ ಮಳೆಗೆ ನೆಟ್ಟರು. ಮೃಗಶಿರಾ ಹೋಯಿತು, ಆರಿದ್ರಾ ಹೋಯಿತು. ಮೊಳಕೆಯೇ ಇಲ್ಲ. ಅಗೆದರೆ ಗಡ್ಡೆ ಇಟ್ಟ ಹಾಗೇ ಇದೆ. ಆಲೂಗಡ್ಡೆಗಾದರೆ ಮೈಯೆಲ್ಲ ಕಣ್ಣು. ಡೇರೆಗೆ ಕಣ್ಣಿರುವುದು ಹಳೆಯ ಕಾಂಡಕ್ಕೆ ಅಂಟಿದ ಕುತ್ತಿಗೆಯ ಹತ್ತಿರ ಮಾತ್ರ. ಆ ಚೂರು ಬಿಟ್ಟು ಮುರಿದರೆ ಗಡ್ಡೆ ಎಷ್ಟು ದಪ್ಪ ಇದ್ದರೂ ದಂಡ.

"ಬೇಕಂತಲೇ ಮುರಿದು ಕೊಟ್ಟಿದ್ದಾಳೆ!" ಅತ್ತೆ ತೀರ್ಪು ಕೊಟ್ಟರು. "ಅವಸರದಲ್ಲಿ ಮುರಿದಿರಬಹುದು ಕಣೇ" ಎಂದ ಮಾವನಿಗೆ ಎರಡು ದಿನ ಆರಿದ ಕಾಫಿ.

ಎರಡು ವರ್ಷದ ಮೇಲೆ ಅದೇ ಮನೆಯಾಕೆ ಸಾಗರಕ್ಕೆ ಒಂದು ಮದುವೆಗೆ ಬಂದವರು ಅತ್ತೆಯ ಮನೆಗೂ ಬಂದರು. ಸುತ್ತು ಎಸಳಿನ ಹಳದಿ ದಾಸವಾಳ ನೋಡಿ, "ಒಂದು ಕಡ್ಡಿ ಸಿಗಬಹುದಾ?" ಎಂದರು. ಅತ್ತೆ ನಗುನಗುತ್ತಾ ಕೊಟ್ಟರು. ಹಿತ್ತಲ ಬೇಲಿಯ ಕೆಂಪು ದಾಸವಾಳದ್ದು.

ಡೇರೆ ಮೂಲದಲ್ಲಿ ಮೆಕ್ಸಿಕೋದ ಹೂವು. ಆ ದೇಶದ ರಾಷ್ಟ್ರೀಯ ಹೂವು ಕೂಡ. ಹೀಗೆಂದರೆ ಅತ್ತೆ ಒಪ್ಪುತ್ತಿರಲಿಲ್ಲ ಬಿಡಿ. ಅಲ್ಲಿಂದ ಯಾರಾದರೂ ಗಡ್ಡೆ ತಂದಿದ್ದರೆ, ಪುಣ್ಯಾತ್ಮರು, ಕಣ್ಣು ಸಮೇತವೇ ತಂದಿರಬೇಕು.

ನನ್ನ ಗಡ್ಡೆ ಈಗ ಅಡುಗೆಮನೆ ಕಿಟಕಿಯಲ್ಲಿದೆ. ಕುತ್ತಿಗೆಯ ಹತ್ತಿರ ಏನೋ ಕೆಂಪಗೆ ಉಬ್ಬಿದೆ. ಹೆಂಡತಿ ಅದು ಮಣ್ಣು ಅನ್ನುತ್ತಾಳೆ. ಕನ್ನಡಕ ಎಲ್ಲಿಟ್ಟೆನೋ, ಹುಡುಕುತ್ತಿದ್ದೇನೆ. ಅಷ್ಟರಲ್ಲಿ ಮತ್ತೆ ಅಧ್ಯಕ್ಷರ ಫೋನು.