ಫೈಲ್ ಉಳಿಯುತ್ತದೆ, ಫೋರ್‌ಮನ್ ಊರಿಗೆ ಹೋಗುತ್ತಾನೆ

ಕತಾರಿನ ದೋಹಾದ ದೊಡ್ಡ ಸೈಟುಗಳಲ್ಲಿ ಬೆಳಗಾಗುವುದೇ ಟೂಲ್‌ಬಾಕ್ಸ್ ಟಾಕ್‌ನಿಂದ, ಅಂದರೆ ಕೆಲಸಕ್ಕೆ ಮುಂಚೆ ಹೇಳುವ ಸುರಕ್ಷತೆಯ ಮಾತಿನಿಂದ. ಡ್ರಾಯಿಂಗ್ ಒಂದು ದೇಶದ್ದು, ಕನ್ಸಲ್ಟೆಂಟ್ ಇನ್ನೊಂದು ದೇಶದವನು. ಕೆಲಸದವರು ನೇಪಾಳ, ಬಾಂಗ್ಲಾದೇಶ, ಬಿಹಾರ, ತೆಲಂಗಾಣದವರು. ಸೇಫ್ಟಿ ಆಫೀಸರ್ ಇಂಗ್ಲಿಷಿನಲ್ಲಿ ಹೇಳುವಷ್ಟು ಹೇಳಿ, "ಅರ್ಥ ಆಯ್ತಾ?" ಅನ್ನುತ್ತಾನೆ. ಎಲ್ಲರೂ ತಲೆ ಆಡಿಸುತ್ತಾರೆ. ಹಾಳೆಗೆ ಸಹಿ ಬೀಳುತ್ತದೆ. ಕಾಗದದ ಲೆಕ್ಕದಲ್ಲಿ ಎಲ್ಲರಿಗೂ ಎಲ್ಲ ಗೊತ್ತಾಯ್ತು!

ನಿಜವಾದ ಪಾಠ ಆಮೇಲೆ ಶುರು. ಫೋರ್‌ಮನ್ ಅದನ್ನೇ ಹಿಂದಿಯಲ್ಲಿ, ಒಂದಿಷ್ಟು ತೆಲುಗಿನಲ್ಲಿ, ಉಳಿದದ್ದನ್ನು ಕೈಸನ್ನೆಯಲ್ಲಿ ತಿಳಿಸುತ್ತಾನೆ. ಅವನಿಲ್ಲದಿದ್ದರೆ ಆ ಟವರುಗಳು ಎದ್ದು ನಿಲ್ಲುತ್ತಿರಲಿಲ್ಲ.

ಜಪಾನಿಗಳ ಪದ್ಧತಿ ಬೇರೆ. ಇವತ್ತಿನ ಕೆಲಸದಲ್ಲಿ ಅಪಾಯ ಎಲ್ಲಿದೆ ಅಂತ ಕೆಲಸ ಮಾಡುವವರೇ ಹೇಳಬೇಕು. ಬೆರಳು ತೋರಿಸಿ ಜೋರಾಗಿ ಕೂಗಬೇಕು. ಮೊದಲ ಸಲ ನೋಡಿದರೆ ನಗು ಬರುತ್ತದೆ. ಆದರೆ ಸುಮ್ನೆ ತಲೆ ಆಡಿಸಿ ಜಾರಿಕೊಳ್ಳೋಕೆ ಆಗಲ್ಲ.

ನಮ್ಮ ಕೊಪ್ಪಳದ ಕಡೆ ಗೌಂಡಿ ಹತ್ತಿರ ಕಾಗದವೇ ಇರುವುದಿಲ್ಲ. ಸ್ಲ್ಯಾಬ್ ಹಾಕಿದ ಮರುದಿನ ಅದರ ಮೇಲೆ ಸಣ್ಣ ಕಟ್ಟೆ ಕಟ್ಟಿ, ಗದ್ದೆಯ ಹಾಗೆ ಮಡಿ ಮಾಡಿ ನೀರು ನಿಲ್ಲಿಸುತ್ತಾನೆ. ಯಾವುದಾದರೂ ಮಡಿ ಒಣಗಿತೋ, ನೀರು ಬಿಡುವ ಹುಡುಗನಿಗೆ ಬೈಗುಳ ಗ್ಯಾರಂಟಿ. "ಈ ಬಿಸಲಿಗೆ ಬಿರಕ್ ಬಿಟ್ರ ಯಾರಪ್ಪ ಜವಾಬ್ದಾರಿ?" ಆ ಬೈಗುಳದಲ್ಲೇ ಕಾರಣವೂ ಸಿಕ್ಕಿತು. ಗಲ್ಫಿನ ಮೆಥಡ್ ಸ್ಟೇಟ್‌ಮೆಂಟಿನಲ್ಲಿ (ಕೆಲಸ ಹೇಗೆ ಮಾಡಬೇಕು ಅಂತ ಬರೆದ ಕಾಗದ) ಒದ್ದೆ ಗೋಣಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಎಷ್ಟು ದಿನ, ಎಲ್ಲ ಬರೆದಿರುತ್ತದೆ. ಗೋಣಿ ಹಾಸುವವನಿಗೆ ಮಾತ್ರ ಯಾಕೆ ಅಂತ ಗೊತ್ತಿರುವುದಿಲ್ಲ. ಇನ್‌ಸ್ಪೆಕ್ಷನ್ ಇದ್ದಾಗ ನೀರು ಜಾಸ್ತಿ ಬೀಳುತ್ತದೆ.

ಹಾಗಂತ ಊರಿನ ದಾರಿಯೇ ಮೇಲು ಅನ್ನಲಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋಯಿತು. ಹೊಸಪೇಟೆ ಕಡೆ ಮದ್ರಾಸ್, ಮುನಿರಾಬಾದ್ ಕಡೆ ಹೈದರಾಬಾದ್ ಸೇರಿ 1945ರಲ್ಲಿ ಶುರು ಮಾಡಿದ ಅಣೆಕಟ್ಟು ಅದು. ಇಟ್ಟಿಗೆ ಪುಡಿ, ಸುಣ್ಣ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಲ್ಲು ಕಟ್ಟಿದ್ದು, 33 ಗೇಟು. ನುಗ್ಗುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ನೀರಿಗೆ ಅಡ್ಡ ಹಾಕುವ ಉಕ್ಕಿನ ತಡೆ, ಇಳಿಸಬೇಕಿತ್ತು. ಆಗ ನೆನಪಾದದ್ದು ಹಿರಿಯ ಗೇಟ್ ತಜ್ಞ ಕನ್ನಯ್ಯ ನಾಯ್ಡು. ವಾರದಲ್ಲಿ ಕೆಲಸ ಆಯ್ತು. ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಆದರೆ ಅಷ್ಟು ದೊಡ್ಡ ಅಣೆಕಟ್ಟೆಗೆ ಇಷ್ಟು ವಯಸ್ಸಾದ ಒಬ್ಬರನ್ನೇ ನೆಚ್ಚಿಕೊಳ್ಳುವುದು ಭಯದ ಮಾತಲ್ವಾ?

ಗೊತ್ತಿರುವವನ ಜೊತೆಗೇ ತಿಳಿವಳಿಕೆಯೂ ಹೋಗಿಬಿಡುವ ಈ ತೊಂದರೆಯನ್ನು ಗಲ್ಫಿನಲ್ಲಿ ಸಾಫ್ಟ್‌ವೇರ್‌ನಿಂದ ಸರಿಮಾಡಲು ನೋಡುತ್ತಾರೆ. ಪ್ರಾಜೆಕ್ಟ್ ಮುಗಿಯುತ್ತಲೇ ಕಲಿತ ಪಾಠಗಳ ರಿಜಿಸ್ಟರ್ ತುಂಬಬೇಕು. ತುಂಬುವವನು ಇಂಗ್ಲಿಷ್ ಬರುವ ಆಫೀಸಿನವನು. ಪಾಠ ಗೊತ್ತಿರುವ ಫೋರ್‌ಮನ್ ಅಷ್ಟರಲ್ಲಿ ವೀಸಾ ರದ್ದಾಗಿ ಏರ್‌ಪೋರ್ಟಿನಲ್ಲಿರುತ್ತಾನೆ. ಅವನಿಗೆ ಇನ್ನೊಂದು ತಿಂಗಳ ಸಂಬಳ ಕೊಟ್ಟು, ಮುಂದಿನ ಸೈಟಿನ ಇಬ್ಬರು ಹುಡುಗರನ್ನು ಜೊತೆಗೆ ಬಿಡಿ. ಅವನು ತನ್ನ ಭಾಷೆಯಲ್ಲೇ ಹೇಳಲಿ, ಬೇಕಾದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ತುಂಗಭದ್ರಾದ ಗೇಟುಗಳಿಗೂ ಇದೇ ಆಗಬೇಕು: ಹಿರಿಯರನ್ನು ಗೇಟು ಮುರಿದಾಗ ಕರೆಯುವ ಬದಲು ಬೇಸಿಗೆಯಲ್ಲೇ ಕರೆಸಿ, ಎಳೆಯ ಎಂಜಿನಿಯರುಗಳ ಕೈಯಲ್ಲೇ ಚೈನು ಬಿಚ್ಚಿಸಿ ನೋಡಿಸಲಿ.