ಮುತ್ತಜ್ಜಿ ಇದ್ದಳು, ಕಡತವಿಲ್ಲ

ನದೀಮೂಲ, ಋಷಿಮೂಲ ಹುಡುಕಬಾರದು ಎಂದರು ಹಿರಿಯರು. ಅದರಲ್ಲಿ ಏನೋ ಗಹನವಾದ ತತ್ತ್ವವಿದೆ ಎಂದು ಬಹುಕಾಲ ನಂಬಿದ್ದೆ. ವಂಶವೃಕ್ಷಕ್ಕೆ ದಾಖಲೆ ಹುಡುಕುವವರ ಪಾಡು ನೋಡಿದ ಮೇಲೆ ಅನುಮಾನ ಬಂದಿದೆ. ಆ ಮಾತು ಆಡಿದವನು ಜ್ಞಾನಿಯಲ್ಲ. ಯಾವುದೋ ದಫ್ತರದ ಬಾಗಿಲಲ್ಲಿ ಮೂರು ದಿನ ನಿಂತು ಬರಿಗೈಯಲ್ಲಿ ಮರಳಿದ ಮೊಮ್ಮಗ.

ಸರ್ಕಾರಗಳು ನಮ್ಮ ಪೂರ್ವಿಕರನ್ನು ಎಣಿಸಲಿಲ್ಲವೆಂದು ದೂರುವಂತಿಲ್ಲ. ಮನೆಮನೆಗೆ ಹೋಗಿ ಎಣಿಸಿದ್ದಾರೆ. 1841ರ ಬ್ರಿಟನ್ನಿನ ಜನಗಣತಿಯನ್ನೇ ನೋಡಿ. ಹದಿನೈದು ದಾಟಿದವರ ವಯಸ್ಸನ್ನು ಐದರ ಮಗ್ಗಿಗೆ ಇಳಿಸಿ ಬರೆಯಿರಿ ಎಂದು ಗಣತಿದಾರರಿಗೆ ಸೂಚನೆಯಿತ್ತು. ಮೂವತ್ತೊಂಬತ್ತರ ಮುತ್ತಜ್ಜಿ ಪುಸ್ತಕದಲ್ಲಿ ಮೂವತ್ತೈದಕ್ಕೆ ಇಳಿದಳು. 1851ರಲ್ಲಿ ನಿಜವಾದ ವಯಸ್ಸನ್ನು ಕೇಳಿದರು. ಆಕೆ ನಲವತ್ತೊಂಬತ್ತು ಎಂದಳು. ಹತ್ತು ವರ್ಷದಲ್ಲಿ ಹದಿನಾಲ್ಕು ವರ್ಷ ಹಿರಿಯಳಾದ ಈ ಹೆಂಗಸು ನಮ್ಮವಳೇ ಹೌದೋ ಅಲ್ಲವೋ ಎಂದು ಮರಿಮಗ ತಲೆ ಕೆರೆದುಕೊಳ್ಳುತ್ತಾನೆ. ಕೆಲವು ಗಣತಿದಾರರು ಸೂಚನೆಯನ್ನು ಪಾಲಿಸಲಿಲ್ಲ, ಇದ್ದದ್ದನ್ನು ಇದ್ದಂತೆ ಬರೆದುಬಿಟ್ಟರು. ದಾಖಲೆ ಹುಡುಕುವವನಿಗೆ ಇಂಥ ಪ್ರಾಮಾಣಿಕರಿಂದಲೇ ಹೆಚ್ಚು ತೊಂದರೆ. ಸಾಲದ್ದಕ್ಕೆ, ಆ ಗಣತಿಯಲ್ಲಿ ಒಬ್ಬರಿಗೊಬ್ಬರು ಏನಾಗಬೇಕು ಎಂದು ಕೇಳುವ ಕಲಮೇ ಇರಲಿಲ್ಲ. ಒಂದೇ ಸೂರಿನಡಿ ಒಬ್ಬ ಗಂಡಸು, ಒಬ್ಬ ಹೆಂಗಸು. ದಂಪತಿಯೋ, ಅಣ್ಣತಂಗಿಯೋ, ನಿಮ್ಮ ಚಿತ್ತ.

ಅಮೆರಿಕದವರು ಇನ್ನೂ ಮಿತವ್ಯಯಿಗಳು. 1790ರಿಂದ 1840ರವರೆಗೆ ಮನೆಯ ಯಜಮಾನನಿಗೆ ಮಾತ್ರ ಹೆಸರು. ಹೆಂಡತಿ, ಮಕ್ಕಳು, ಮುದುಕರೆಲ್ಲ ಬರಿಯ ಅಂಕಿ. 1850ರಲ್ಲಿ ಮನಸ್ಸು ಕರಗಿ ಸ್ವತಂತ್ರರಾದ ಪ್ರತಿಯೊಬ್ಬರ ಹೆಸರನ್ನೂ ಬರೆದರು. ಗುಲಾಮರಿಗೆ ಬೇರೆಯೇ ಪಟ್ಟಿ: ವಯಸ್ಸು, ಲಿಂಗ, ಮೈಬಣ್ಣ. ಅದರಲ್ಲಿ ಹೆಸರಿದ್ದದ್ದು ಒಡೆಯನಿಗೆ. ಇದನ್ನು ನಗುತ್ತಾ ಬರೆಯಲು ನನಗೆ ಬರುವುದಿಲ್ಲ, ಮುಂದೆ ಹೋಗೋಣ.

ಮುಂದೆ ಇರುವುದು ಬೆಂಕಿ. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ಸರ್ಕಾರಿ ಕಟ್ಟಡವೊಂದರ ನೆಲಮಾಳಿಗೆ ಹೊತ್ತಿಕೊಂಡು 1890ರ ಗಣತಿಯ ಒಂದಿಷ್ಟು ಭಾಗ ಸುಟ್ಟಿತು. ಮತ್ತಷ್ಟು ಭಾಗ ಬೆಂಕಿ ಆರಿಸಿದ ನೀರಿನಲ್ಲಿ ತೋಯಿತು. ಉಳಿದ ಕಂತೆ ಹನ್ನೆರಡು ವರ್ಷ ಹಾಗೇ ಬಿದ್ದಿತ್ತು. 1933ರ ಫೆಬ್ರುವರಿ 20ರಂದು, ದೇಶದ ದಾಖಲೆಗಳನ್ನು ಜೋಪಾನ ಮಾಡಲೆಂದು ರಾಷ್ಟ್ರೀಯ ಪತ್ರಾಗಾರಕ್ಕೆ ಅಧ್ಯಕ್ಷ ಹೂವರ್ ಅಡಿಗಲ್ಲು ಹಾಕಿದರು. ಮರುದಿನ, 21ರಂದು, ಬೇಡದ ಕಾಗದಗಳ ಪಟ್ಟಿಯೊಂದನ್ನು ನಾಶಮಾಡಲು ಅಲ್ಲಿನ ಕಾಂಗ್ರೆಸ್ ಒಪ್ಪಿಗೆ ಕೊಟ್ಟಿತು. ಪಟ್ಟಿಯಲ್ಲಿ ಈ ಕಂತೆಯೂ ಇತ್ತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂದು ನಾವು ಹಂಗಿಸುತ್ತೇವೆ. ಬಾವಿಗೆ ಗುದ್ದಲಿಪೂಜೆ ಮಾಡಿದ ಮರುದಿನ ಉಳಿದ ಅರ್ಧ ಮನೆಯನ್ನು ಕೆಡವಲು ಅಪ್ಪಣೆ ಕೊಡುವವರಿಗೆ ನಮ್ಮಲ್ಲಿ ಗಾದೆಯೇ ಇಲ್ಲ.

ಐರ್ಲೆಂಡಿನಲ್ಲಿ ಇಷ್ಟೂ ಕಾಯಲಿಲ್ಲ. 1861 ಮತ್ತು 1871ರ ಗಣತಿಯ ಹಾಳೆಗಳನ್ನು ಲೆಕ್ಕ ಮುಗಿದ ಸ್ವಲ್ಪ ಕಾಲಕ್ಕೇ ನಾಶ ಮಾಡಿದರು. 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಗದದ ಬರಕ್ಕೆ ತಿರುಳಾದವು. ಅದಕ್ಕೂ ಹಳೆಯವಾದರೂ ಉಳಿದಿವೆಯಲ್ಲಾ ಎನ್ನುವಷ್ಟರಲ್ಲಿ 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ದಾಖಲೆ ಕಚೇರಿಯೇ ಸಿಡಿದು ಬೂದಿಯಾಯಿತು.

ಸುಡದೆ ಉಳಿದದ್ದಕ್ಕೆ ಬೀಗವುಂಟು. ಬ್ರಿಟನ್ನಿನಲ್ಲಿ ನೂರು ವರ್ಷ, ಅಮೆರಿಕದಲ್ಲಿ ಎಪ್ಪತ್ತೆರಡು. ಅಜ್ಜನ ಗುಟ್ಟು ಮೊಮ್ಮಗನಿಗೆ ತಿಳಿಯಬಾರದು; ತಿಳಿಯುವುದೇ ಆದರೆ ಓದಲು ಕನ್ನಡಕ ಬೇಕಾಗುವ ವಯಸ್ಸಿನಲ್ಲಿ ತಿಳಿಯಲಿ. ಅಮೆರಿಕದ 1950ರ ಗಣತಿ ತೆರೆದದ್ದು 2022ರಲ್ಲಿ, ಏಪ್ರಿಲ್ ಒಂದರಂದು. ದಿನಾಂಕದ ಬಗ್ಗೆ ನಾನೇನೂ ಹೇಳುವುದಿಲ್ಲ.

ಹಾಗಾದರೆ ಗಟ್ಟಿಯಾಗಿ ದಾಖಲಾಗುವುದು ಹೇಗೆ? ತಪ್ಪಿಸಿಕೊಳ್ಳಲು ಹೊರಡಬೇಕು. 1911ರಲ್ಲಿ ಬ್ರಿಟನ್ನಿನ ಹಲವು ಹೆಂಗಸರು, ನಮಗೆ ಮತದ ಹಕ್ಕು ಕೊಡದವರ ಲೆಕ್ಕಕ್ಕೆ ನಾವು ಸಿಗುವುದಿಲ್ಲ ಎಂದು ಗಣತಿಯನ್ನು ಬಹಿಷ್ಕರಿಸಿದರು. ಗಣತಿ ನಡೆದ ಏಪ್ರಿಲ್ 2ರ ರಾತ್ರಿ ಆ ಹೋರಾಟಗಾರ್ತಿಯರಲ್ಲಿ ಒಬ್ಬರಾದ ಎಮಿಲಿ ಡೇವಿಸನ್ ಪಾರ್ಲಿಮೆಂಟ್ ಕಟ್ಟಡದ ಕಪಾಟೊಂದರಲ್ಲಿ ಅಡಗಿ ಕುಳಿತರು. ಸಿಕ್ಕಿಬಿದ್ದರು, ಪಾರ್ಲಿಮೆಂಟಿನ ಹಾಳೆಯಲ್ಲಿ ಅವರ ಹೆಸರು ಬಿತ್ತು. ಅತ್ತ ಅವರು ಬಾಡಿಗೆಗಿದ್ದ ಮನೆಯ ಹಾಳೆಯಲ್ಲೂ ಹೆಸರು ಸೇರಿತ್ತು. ಒಂದೇ ಗಣತಿ, ಎರಡು ದಾಖಲೆ, ಎರಡೂ ಇಂದಿಗೂ ಭದ್ರ.

ಅವರಿಗೆ ಮಕ್ಕಳಿರಲಿಲ್ಲ.