ದೊಡ್ಡ ನಿರ್ದೇಶಕರು ದೆವ್ವದ ಸಿನಿಮಾ ಮಾಡಬಾರದಾ?

ನಿನ್ನೆ ರಾತ್ರಿ ಗೆಳೆಯರೆಲ್ಲ ಸೇರಿ 1968ರ 'ಸ್ಪಿರಿಟ್ಸ್ ಆಫ್ ದಿ ಡೆಡ್' ನೋಡಿದೆವು. ಭಯದ ಕಥೆಗಳಿಗೆ ಹೆಸರಾದ ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋನ ಮೂರು ಕಥೆ, ಮೂವರು ನಿರ್ದೇಶಕರು: ರೋಜೆ ವಾದಿಮ್, ಲೂಯಿ ಮಾಲ್, ಮತ್ತೆ ಕಲಾತ್ಮಕ ಸಿನಿಮಾದ ದೊಡ್ಡ ಹೆಸರು ಅನ್ನಿಸಿಕೊಂಡ ಇಟಲಿಯ ಫೆಡೆರಿಕೊ ಫೆಲಿನಿ. ಸಿನಿಮಾ ಮುಗಿದು ಲೈಟ್ ಹಾಕಿದ ತಕ್ಷಣ ಕೇಳಿಬಂದ ಮೊದಲ ಮಾತು: "ಚೆನ್ನಾಗಿದೆ. ಆದ್ರೆ ಇದನ್ನ ಹಾರರ್ ಅನ್ನೋಕಾಗಲ್ಲ ಬಿಡಿ. ಫೆಲಿನಿ ಅಲ್ವಾ!"

ಆಗ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ.

ನನಗೆ ದೆವ್ವದ ಸಿನಿಮಾ ಹುಚ್ಚು ಎಷ್ಟಿದೆ ಅಂತ ನಿಮಗೆಲ್ಲ ಗೊತ್ತು. ಈ ಮಾತನ್ನು ಎಷ್ಟು ಸಲ ಕೇಳಿ ಬೇಸತ್ತಿದ್ದೇನೆ ಅನ್ನೋದೂ ಗೊತ್ತು. ಹೆಸರಾಂತ ನಿರ್ದೇಶಕರು ಹೆದರಿಸುವ ಸಿನಿಮಾ ಮಾಡಿದರೆ, ಅದು ಕೆಟ್ಟಾಗ "ಇವರಿಗ್ಯಾಕೆ ಬೇಕಿತ್ತು ದೆವ್ವದ ಉಸಾಬರಿ" ಅಂತಾರೆ. ಗೆದ್ದರೆ "ಇದು ದೆವ್ವದ ಸಿನಿಮಾನೇ ಅಲ್ಲ" ಅಂತಾರೆ. ಎರಡರಲ್ಲೂ ಹಾರರ್‌ಗೆ ಸಿಗೋದು ಅವಮಾನವೇ.

ಫೆಲಿನಿ ಮಾಡಿದ 'ಟೋಬಿ ಡ್ಯಾಮಿಟ್' ಭಾಗವನ್ನೇ ನೋಡಿ. ಟೆರೆನ್ಸ್ ಸ್ಟ್ಯಾಂಪ್ ಅವರದು ಕುಡಿದು ಹಾಳಾದ ಇಂಗ್ಲಿಷ್ ನಟನ ಪಾತ್ರ. ಫೆರಾರಿ ಕಾರು ಕೊಡ್ತೀವಿ ಅಂತ ಆಸೆ ತೋರಿಸಿ ಅವನನ್ನು ರೋಮ್‌ಗೆ ಕರೆಸಿರುತ್ತಾರೆ. ಟೀವಿ ಸಂದರ್ಶನದಲ್ಲಿ ಕೇಳ್ತಾರೆ, ದೇವರನ್ನು ನಂಬ್ತೀರಾ? ಇಲ್ಲ. ಸೈತಾನನನ್ನು? ಹೂಂ. ಅವನ ಕಣ್ಣಿಗೆ ಬೀಳುವ ಸೈತಾನನಿಗೆ ಕೊಂಬಿಲ್ಲ, ಬಾಲವಿಲ್ಲ. ಬಿಳಿ ಚೆಂಡು ಹಿಡಿದು ನಗುವ ಒಬ್ಬ ಪುಟ್ಟ ಹುಡುಗಿ, ಅಷ್ಟೇ. ಆ ನಗು ಕಂಡಾಗ ನನ್ನ ಮೈ ಜುಮ್ಮೆಂದಿತು. ನಮ್ಮ ಸಾಲಿನಲ್ಲಿ ಮಾತಾಡ್ತಿದ್ದವರು ಕೂಡ ಸುಮ್ಮನಾದರು. ಅದು ಹೆದರಿಕೆ ಅಲ್ಲದಿದ್ದರೆ ಮತ್ತೇನು?

ಇನ್ನೊಂದು ವಿಷಯ. ಚೆಂಡು ಹಿಡಿದ ಹುಡುಗಿ ದೆವ್ವವಾಗಿ ಬರೋದು ಫೆಲಿನಿಗಿಂತ ಎರಡು ವರ್ಷ ಮೊದಲೇ, 1966ರಲ್ಲಿ, ಮಾರಿಯೋ ಬಾವಾ ಅವರ 'ಕಿಲ್, ಬೇಬಿ... ಕಿಲ್!' ಚಿತ್ರದಲ್ಲಿ ಇದೆ. ಬಾವಾ ಅದೇ ಇಟಲಿಯವರು. ಕಡಿಮೆ ದುಡ್ಡಿನಲ್ಲಿ, ಬಣ್ಣದ ಬೆಳಕಿನಲ್ಲೇ ಭಯ ಹುಟ್ಟಿಸುತ್ತಿದ್ದ ಹಾರರ್ ಕಸುಬುದಾರ. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಹೋಲಿಕೆ ಎದ್ದು ಕಾಣುತ್ತದೆ. ಹಾಗಿರುವಾಗ ಫೆಲಿನಿಯನ್ನು ಹೊಗಳೋಕೆ ಬಾವಾ ನಿಂತ ಜಾಗವನ್ನೇ ಕೀಳು ಮಾಡೋದು ಯಾವ ನ್ಯಾಯ?

"ಇಂಥ ಸಿನಿಮಾಗಳು ಒಂದೇ ಸಮ ಇರಲ್ಲ, ಒಬ್ಬರ ಭಾಗ ಚೆನ್ನಾಗಿದ್ರೆ ಇನ್ನೊಬ್ಬರದು ಸಪ್ಪೆ" ಅಂತ ಇನ್ನೊಬ್ಬರು ಅಂದರು. ಒಪ್ಪುತ್ತೇನೆ. ವಾದಿಮ್ ಭಾಗ ನನಗೂ ಹಿಡಿಸಲಿಲ್ಲ. ನಟಿ ಜೇನ್ ಫೋಂಡಾ ಉಡುಪು ತೋರಿಸುವುದರಲ್ಲೇ ಅದು ಮುಗಿದುಹೋಗುತ್ತದೆ. ಆದರೆ ಅದು ವಾದಿಮ್ ಸೋತಿದ್ದು, ಹಾರರ್ ಸೋತಿದ್ದಲ್ಲ. ಒಂದು ಕಥಾ ಸಂಕಲನದಲ್ಲಿ ಒಂದು ಕಥೆ ಸಪ್ಪೆಯಾದರೆ ಸಣ್ಣಕಥೆಯೇ ಬೇಡ ಅಂತೀವಾ?

2004ರ 'ಥ್ರೀ... ಎಕ್ಸ್‌ಟ್ರೀಮ್ಸ್' ನೋಡಿದವರು ಈ ಮಾತು ಆಡಲಾರರು. ಅದೂ ಮೂವರು ನಿರ್ದೇಶಕರ ಮೂರು ಕಥೆಗಳ ಸಿನಿಮಾ: ಹಾಂಗ್‌ಕಾಂಗ್‌ನ ಫ್ರೂಟ್ ಚಾನ್, ಕೊರಿಯಾದ ಪಾರ್ಕ್ ಚಾನ್-ವೂಕ್, ಜಪಾನಿನ ತಕಾಶಿ ಮೀಕೆ. ಪಾರ್ಕ್ ಅವರ 'ಓಲ್ಡ್‌ಬಾಯ್'ಗೆ ಕಾನ್ ಚಿತ್ರೋತ್ಸವದಲ್ಲಿ ಅಲ್ಲಿನ ಎರಡನೇ ದೊಡ್ಡ ಪ್ರಶಸ್ತಿಯಾದ ಗ್ರಾಂಡ್ ಪ್ರಿ ಬಂದಿದ್ದೂ ಅದೇ ವರ್ಷ. ಅಷ್ಟು ದೊಡ್ಡ ಹೆಸರಿದ್ದವರು ಇಲ್ಲಿ ಮಾಡಿದ್ದು ಏನು? ಪಿಯಾನೋ ನುಡಿಸುವ ಹೆಂಗಸನ್ನು ತಂತಿಗಳಿಂದ ಬಿಗಿದು, ಗಂಡನ ಎದುರಿಗೇ ಅವಳ ಬೆರಳು ಕತ್ತರಿಸುವ ಕಥೆ. ಆ ಗಂಡ ಯಾರು ಗೊತ್ತಾ? ಎಲ್ಲರಿಂದಲೂ ಒಳ್ಳೆಯವನು ಅನ್ನಿಸಿಕೊಂಡ ಒಬ್ಬ ಸಿನಿಮಾ ನಿರ್ದೇಶಕ.

ಫ್ರೂಟ್ ಚಾನ್ ಭಾಗದಲ್ಲಿ ವಯಸ್ಸು ಜಾರುತ್ತಿರುವ ನಟಿಯೊಬ್ಬಳು ಮತ್ತೆ ಚೆಲುವೆಯಾಗಲು ಡಂಪ್ಲಿಂಗ್ (ಹೂರಣ ತುಂಬಿ ಬೇಯಿಸಿದ ಕಡುಬು) ತಿನ್ನುತ್ತಾಳೆ. ಒಳಗಿನ ಹೂರಣ ಏನು ಅಂತ ಇಲ್ಲಿ ಬರೆಯಲ್ಲ, ನೋಡದವರು ನೋಡಲಿ. ಅವಳು ಅಗಿಯುವಾಗ ಒಂದು ಕರುಂ ಕರುಂ ಸದ್ದು ಬರುತ್ತದೆ. ಆ ಹೊತ್ತಿನಲ್ಲಿ ರಕ್ತ ಚೆಲ್ಲಲ್ಲ, ಯಾರೂ ಕಿರುಚಲ್ಲ. ಮೊದಲ ತುತ್ತಿಗೆ ಹೇಸಿಕೊಳ್ಳುವ ಹೆಂಗಸು ಆಮೇಲೆ ಇನ್ನೂ ಜಾಸ್ತಿ ಬೇಕು ಅಂತಾಳೆ. ಗಂಡ ಕೈಬಿಡ್ತಾನೆ ಅನ್ನೋ ಭಯ ಒಬ್ಬಳನ್ನು ಎಲ್ಲಿಗೆ ಒಯ್ಯಬಹುದು ಅನ್ನೋದನ್ನು ಆ ಒಂದು ಸದ್ದಿನಲ್ಲಿ ಹೇಳಿದ್ದಾರೆ. ಇದೇ ಕಥೆಯನ್ನು ಸಂಸಾರದ ಸಿನಿಮಾ ಮಾಡಿದ್ದರೆ ನಾವು ಅಯ್ಯೋ ಪಾಪ ಅಂದು ಎದ್ದು ಹೋಗುತ್ತಿದ್ದೆವು. ಹಾರರ್ ಆಗಿದ್ದಕ್ಕೇ ಅದು ಹೊಟ್ಟೆಯೊಳಗೆ ಹೋಗಿ ಕೂತಿದೆ.

ಒಂದು ಮಾತು ಹೇಳಿಬಿಡ್ತೀನಿ. ಅಪ್ಪ ತೀರಿಕೊಂಡ ಮೇಲೆ ಸಾವಿನ ಬಗ್ಗೆ ಸಮಾಧಾನ ಹೇಳುವ ಸಿನಿಮಾ ಯಾವುದೂ ನನ್ನಿಂದ ನೋಡೋಕಾಗುತ್ತಿರಲಿಲ್ಲ. ದೆವ್ವದ ಸಿನಿಮಾ ನೋಡುತ್ತಿದ್ದೆ. ಸತ್ತವರು ವಾಪಸ್ ಬರಬಹುದು, ಬಂದರೆ ಅದು ಸುಖದ ಮಾತಲ್ಲ ಅಂತ ಮುಚ್ಚುಮರೆ ಇಲ್ಲದೆ ಹೇಳಿದ್ದು ಅವು ಮಾತ್ರ. ಅದಕ್ಕೇ ಯಾರಾದರೂ ಇದನ್ನು ಚಿಲ್ಲರೆ ಅಂದಾಗ ಸುಮ್ನೆ ಇರೋಕಾಗಲ್ಲ.

ಮುಂದಿನ ಸಲ ಜಪಾನಿನ ಮಸಾಕಿ ಕೊಬಯಾಶಿ ಅವರ 'ಕ್ವೈದಾನ್' ಇಟ್ಟುಕೊಂಡಿದ್ದೇವೆ. 1964ರದ್ದು, ನಾಲ್ಕು ಕಥೆ, ಒಬ್ಬರೇ ನಿರ್ದೇಶಕರು, ಸುಮಾರು ಮೂರು ಗಂಟೆ. ಆಕಾಶವನ್ನೇ ಪರದೆ ಮೇಲೆ ಬಣ್ಣದಲ್ಲಿ ಬರೆಸಿ ತೆಗೆದ ಚಿತ್ರ. ಕಾನ್‌ನಲ್ಲಿ ತೀರ್ಪುಗಾರರ ವಿಶೇಷ ಬಹುಮಾನವೂ ಬಂದಿದೆ. ಎಲ್ಲರೂ ಬನ್ನಿ. ಚಿತ್ರ ಮುಗಿದ ಮೇಲೆ ಮೊದಲು ಎಲ್ಲಿ ಹೆದರಿದಿರಿ ಅಂತ ಹೇಳಿ, ಬಹುಮಾನದ ಮಾತು ಆಮೇಲೆ ಆಡೋಣ.